ಎಡೆಗಿಟ್ಟ ಟೆಲಿಸ್ಕೋಪು

ಮಹಾಲಯ ಅಮಾವಾಸ್ಯೆಯ ಸಂಜೆ ಚಾಮುಂಡಮ್ಮ ಸತ್ತ ಮಗನ ಫೋಟೋದ ಮುಂದೆ ಎಡೆ ಹಾಕಿದಾಗ, ಮುದ್ದೆ, ಕೋಳಿ ಸಾರು, ಕಜ್ಜಾಯಗಳ ಪಕ್ಕದಲ್ಲಿ ಅವನ ಟೆಲಿಸ್ಕೋಪನ್ನೂ ಕೂರಿಸಿದಳು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಇಡಬೇಕಲ್ಲ! ಅಷ್ಟಕ್ಕೇ ಬಿಟ್ಟಿದ್ದರೆ ಸೊಸೆ ಅನು ತುಟಿ ಬಿಚ್ಚುತ್ತಿರಲಿಲ್ಲ. ಅತ್ತೆ ಮೂರು ಬೆರಳು ವಿಭೂತಿಯನ್ನು ಅದರ ಗಾಜಿಗೇ ಬಳಿದು ನಡುವೆ ಕುಂಕುಮ ಇಟ್ಟಾಗ ಅನು, "ಗಾಜು ಹಾಳಾಯ್ತದೆ ಅತ್ತೆ!" ಎಂದು ಕೂಗಿದಳು.

ಗಾವಡಗೆರೆ ಹತ್ತಿರದ ಆ ಊರಿಗೆ ಅನುವಿನ ಗಂಡ ಧರ್ಮೇಂದ್ರ ಅದನ್ನು ತಂದಾಗ ಜನ ನಕ್ಕಿದ್ದರು. ಹಾಲಿನ ಕ್ಯಾನಿನಷ್ಟು ಎತ್ತರ, ಇಣುಕಲು ಒಂದು ತೂತೂ ಇಲ್ಲ. ಫೋನಿನಲ್ಲಿ ಹೇಳಿದರೆ ತಾನೇ ತಿರುಗಿ ಗ್ಯಾಲಕ್ಸಿ ಹುಡುಕುತ್ತದೆ, ಫೋಟೋ ಮೇಲೆ ಫೋಟೋ ತೆಗೆದು ಪೇರಿಸುತ್ತಾ ಹೋಗುತ್ತದೆ. ಗಂಡ ಹೆಂಡತಿ ತಾರಸಿಯ ಮೇಲೆ ಅದರ ಜೊತೆ ಕಳೆದ ಸಂಜೆಗಳಿಗೆ ಲೆಕ್ಕವಿಲ್ಲ. ಹೋದ ಮಾಘದಲ್ಲಿ ಹ್ಯಾಂಡ್‌ಪೋಸ್ಟ್ ರಸ್ತೆಯಲ್ಲಿ ಬೈಕು ಜಾರಿ ಅವನು ಹೋದ. ಅಂದಿನಿಂದ ಮಾವ ಸಣ್ಣಬೀರಯ್ಯ ಅದನ್ನು ಬೀರುವಿನಲ್ಲಿಟ್ಟು ಬೀಗ ಜಡಿದಿದ್ದ. ಮಗನ ನೆನಪಂತೆ, ಯಾರೂ ಮುಟ್ಟಬಾರದಂತೆ. ಅನು ಎಷ್ಟು ಸಲ ಕೇಳಿದರೂ ಬೀಗದ ಕೈ ಅವನ ಉಡಿದಾರ ಬಿಟ್ಟು ಅಲ್ಲಾಡಲಿಲ್ಲ. ಇವತ್ತು ಎಡೆಯ ನೆಪದಲ್ಲಿ ಹೊರಗೆ ಬಂದಿದೆ, ರಾತ್ರಿಗೆ ಮತ್ತೆ ಬೀರು.

ಹಿರಿಯರು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಜಗಲಿಯಲ್ಲಿ ಕೂತರು. ಬಾಗಿಲು ತೆಗೆದದ್ದೇ ತಡ, ಅನು ನೆಟ್ಟಗೆ ಹೋಗಿ ಟೆಲಿಸ್ಕೋಪು ಎತ್ತಿಕೊಂಡಳು.

"ಏಯ್, ಎಡೆಗಿಕ್ಕಿದ್ದು ಕಣಮ್ಮಿ ಅದು! ಮಡುಗು ಕೆಳೀಕೆ," ಮಾವ ಗುಡುಗಿದ.

"ಎಡೆಗಿಕ್ಕಿದ್ ಕೋಳಿ ಸಾರ ಏನ್ಮಾಡ್ತೀರಿ ಮಾವ?"

"ಏನ್ಮಾಡದು, ಉಣ್ತೀವಿ."

"ಅವ್ರು ಉಂಡಾಯ್ತು ಅಂತ ತಾನೇ ನಾವು ಉಣ್ಣದು? ಅಂಗೇ ಇದೂವೆ. ಅವ್ರು ನೋಡಾಯ್ತು. ಈಗ ನಾನು ನೋಡ್ತೀನಿ."

ಸಣ್ಣಬೀರಯ್ಯ ಉಡಿದಾರದ ಬೀಗದ ಕೈ ಮುಟ್ಟಿ ನೋಡಿಕೊಂಡ. ಹಬ್ಬಕ್ಕೆ ಬಂದಿದ್ದ ಅವನ ತಂಗಿ ಮಾರಮ್ಮ, "ಗಂಡ ಸತ್ತೋಳು, ಅಮಾಸೆ ದಿನ ತಾರಸಿ ಮ್ಯಾಲೆ..." ಎಂದು ರಾಗ ಎಳೆದಳು.

"ಅಮಾಸೆ ದಿನವೇ ಇದು ಚೆಂದಾಗಿ ಕಾಣಾದು. ಚಂದ್ರ ಇರಕಿಲ್ವಲ್ಲ," ಎಂದ ಅನು ಹಿಂದಿರುಗಿ ನೋಡದೆ ಮೆಟ್ಟಿಲು ಹತ್ತಿದಳು.

ಮೇಲೆ, ಗಾಜಿನ ವಿಭೂತಿಯನ್ನು ಊದಿ, ಮೆತ್ತನೆ ಬಟ್ಟೆಯಲ್ಲಿ ಒರೆಸುವಾಗ ಅವಳಿಗೆ ಅಳು ಒತ್ತರಿಸಿ ಬಂತು, ಸಿಟ್ಟೂ ಬಂತು. ಇಷ್ಟು ತಿಂಗಳು ತನ್ನನ್ನೂ ಇದರ ಜೊತೆಗೇ ಬೀರುವಿನಲ್ಲಿ ಇಟ್ಟಿದ್ದರು ಎನಿಸಿತು.

ಯಂತ್ರ ಗುಯ್ಯೆಂದು ಈಶಾನ್ಯಕ್ಕೆ ತಿರುಗಿತು. ಫೋನಿನಲ್ಲಿ ಮೊದಲು ಬರೀ ಮಬ್ಬು. ಆಮೇಲೆ ದೇವಯಾನಿ ಗ್ಯಾಲಕ್ಸಿಯ ಬೆಳ್ಳನೆಯ ನಡು, ಅದರ ಪಕ್ಕದ ಕಪ್ಪು ಗೆರೆಗಳು ಒಂದೊಂದಾಗಿ ಮೂಡತೊಡಗಿದವು.

ಹಿಂದೆ ಬಳೆ ಸದ್ದಾಯಿತು. ಚಾಮುಂಡಮ್ಮ ಏದುಸಿರು ಬಿಡುತ್ತಾ ಬಂದು ಫೋನಿಗೆ ಬಗ್ಗಿದಳು.

"ಅಲ್ಲವ್ನೇನವ್ವಾ ನನ್ ಮಗ?"

ಹೂಂ ಅಂದುಬಿಟ್ಟರೆ ಆಗಿತ್ತು, ಮುದುಕಿಗೆ ಸಮಾಧಾನ. ಆದರೆ ಆಮೇಲೆ ಆ ಯಂತ್ರಕ್ಕೆ ದಿನಾ ವಿಭೂತಿ, ದಿನಾ ಕುಂಕುಮ. ಯಾರಪ್ಪ ಬಂದರೂ ಅದನ್ನು ಬೀರುವಿನಿಂದ ಬಿಡಿಸಲಾಗುತ್ತಿರಲಿಲ್ಲ.

"ಇಲ್ಲ ಅತ್ತೆ. ಅವ್ರು ಅಲ್ಲಿಲ್ಲ. ಇದು ಗ್ಯಾಲಕ್ಸಿ. ಇಪ್ಪತ್ತೈದು ಲಕ್ಷ ವರ್ಸದಿಂದೆ ಒಂಟ ಬೆಳಕು ಈಗ ನಮ್ ತಾರಸಿಗೆ ಬಂದೈತೆ. ಇದ ನೋಡಾಕೇ ಅವ್ರು ಈ ಮಿಷನ್ ತಂದಿದ್ದು, ಪೂಜೆ ಮಾಡಾಕಲ್ಲ. ನಾನೂ ಅದುಕ್ಕೇ ಎತ್ಕಂಬಂದಿದ್ದು."

ಚಾಮುಂಡಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಇನ್ನೂ ಮೂಡುತ್ತಿದ್ದ ಚಿತ್ರವನ್ನೇ ನೋಡುತ್ತ ಕೂತಳು. ಹೊಸದಾಗಿ ಮೂಡಿದ ಕಪ್ಪು ಗೆರೆಯೊಂದನ್ನು ಬೆರಳಿನಿಂದ ತೋರಿಸಿದಳು.

ಕೆಳಗಿನಿಂದ ಸಣ್ಣಬೀರಯ್ಯ ಕೂಗಿದ: "ಸಾಕು ಕಣೆ, ಅವ್ಳ್ಗೆ ತತ್ತಾ ಅನ್ನು ಅದ. ಬೀರುಗೆ ಮಡುಗ್ಬೇಕು!"

ಅನು ಉತ್ತರ ಕೊಡಲು ಏಳುವಷ್ಟರಲ್ಲಿ ಮುದುಕಿ ತಾರಸಿಯ ಅಂಚಿಗೆ ಹೋಗಿ ಕೆಳಗೆ ಬಗ್ಗಿದ್ದಳು.

"ಬೀರುಗೆ ನಿಮ್ ಪಂಚೆ ಮಡೀಕಳಿ! ನನ್ ಸೊಸೆ ಇನ್ನೂ ಫೋಟೋ ತೆಗೀತಾವ್ಳೆ."