ಹೇಳಿಕೆಯ ಎಂಟು ಸಾಲು

"ಒಬ್ಬೊಬ್ಬನಿಗೆ ಎಪ್ಪತ್ತು ಯೂರೋ. ಆರು ಜನಕ್ಕೆ ನಾನೂರ ಇಪ್ಪತ್ತು." ಸೆವೆರಿನ್ ಅಡುಗೆಮನೆಯ ಮೇಜಿನ ಮೇಲಿದ್ದ ರಸೀದಿಯ ಮೇಲೆ ಬೆರಳೂರಿದ. "ಶವದ ಪೆಟ್ಟಿಗೆ ಹೊರೋಕೆ ಪೇಟೆಯಿಂದ ಕೂಲಿಯವರು. ನಮ್ಮ ಸಂಘದವರು ಪುಕ್ಕಟೆ ಹೊರ್ತಾರೆ, ಬುರ್ಗಿ. ಒಂದು ಊಟ, ಎರಡೆರಡು ಲೋಟ ಬಿಯರ್, ಅಷ್ಟೆ."

ಬುರ್ಗಿ ಕಪ್ಪು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು. "ದುಡ್ಡು ಕೊಟ್ಟಾಯ್ತು."

"ಈ ಊರಲ್ಲಿ ಯಾರ ಪೆಟ್ಟಿಗೇನೂ ಕೂಲಿಯವರು ಹೊತ್ತಿಲ್ಲ."

"ಈ ಊರಲ್ಲಿ ಯಾರೂ ಜೈಲಿಗೂ ಹೋಗಿಲ್ಲ, ನನ್ನ ಗಂಡ ಒಬ್ಬನ್ನ ಬಿಟ್ಟು."

ಚರ್ಚಿನ ಪೂಜೆಗೆ ಇನ್ನೊಂದು ಗಂಟೆಯಿತ್ತು. ತೀರಿಕೊಂಡ ವೆಂಡೆಲಿನ್ ಅವನ ಒಡಹುಟ್ಟಿದ ತಮ್ಮ, ಬುರ್ಗಿಯ ಗಂಡ. ಮಾಜಿ ಸೈನಿಕರ ಸಂಘಕ್ಕೆ ಸೆವೆರಿನ್ ಇಪ್ಪತ್ತೆರಡು ವರ್ಷಗಳಿಂದ ಅಧ್ಯಕ್ಷ. ಕಡ್ಡಾಯ ಸೇನಾಸೇವೆ ಮಾಡಿದ ಗಂಡಸು ಸತ್ತರೆ ತೆರೆದ ಗುಂಡಿಯ ಮೇಲೆ ಸಂಘದ ಬಾವುಟ ಮೂರು ಸಲ ಬಾಗುತ್ತಿತ್ತು, ಅಧ್ಯಕ್ಷ ನಾಲ್ಕು ಮಾತು ಆಡುತ್ತಿದ್ದ. ವೆಂಡೆಲಿನ್ ಬಂದೂಕು ಮುಟ್ಟಿದವನಲ್ಲ. ಆದರೂ ಅವನಿಗೆ ಬಾವುಟ ಬಾಗಲೇಬೇಕೆಂದು ಸೆವೆರಿನ್ ಹಟ ಹಿಡಿದಿದ್ದ. ಹದಿನಾಲ್ಕು ಜನ ಒಪ್ಪಿದರು, ಹನ್ನೊಂದು ಜನ ಮುಖ ತಿರುಗಿಸಿದರು.

ಇಷ್ಟು ಹಟ ಏಕೆಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವನು ಹೇಳುತ್ತಿರಲಿಲ್ಲ. ಇವತ್ತು ಬಾವುಟ ಬಾಗಿಬಿಟ್ಟರೆ, ತಾನು ಮಾಡಿದ್ದೊಂದನ್ನು ಬಾಯಿಬಿಡದೆಯೇ ತೀರಿಸಿಕೊಂಡಂತಾಗುತ್ತದೆ ಎಂದು ಅವನ ಲೆಕ್ಕ.

*

ನಲವತ್ತೊಂದು ವರ್ಷದ ಹಿಂದೆ, ಇದೇ ಮೇಜಿಗೆ ಗ್ರಾಟ್ಸ್ ನಗರದಿಂದ ಒಂದು ಲಕೋಟೆ ಬಂದಿತ್ತು. ಬಂದೂಕು ಹಿಡಿಯಲು ಮನಸ್ಸಾಕ್ಷಿ ಒಪ್ಪದ ಹುಡುಗರು ಸೇನೆಯ ಬದಲು ಆಸ್ಪತ್ರೆಯಲ್ಲೋ ಆಂಬ್ಯುಲೆನ್ಸಿನಲ್ಲೋ ಎಂಟು ತಿಂಗಳು ದುಡಿಯಬಹುದು ಎಂಬ ಕಾನೂನು ಆಗಷ್ಟೇ ಬಂದಿತ್ತು. ಆದರೆ ಆ ಮನಸ್ಸಾಕ್ಷಿ ನಿಜವೆಂದು ಒಂದು ಆಯೋಗ ನಂಬಬೇಕಿತ್ತು. ವೆಂಡೆಲಿನ್ ಅರ್ಜಿ ಹಾಕಿದ್ದ. ಹುಡುಗ ಎಂಥವನು, ಮನೆಯವರು ಬರೆದು ತಿಳಿಸಲಿ ಎಂದು ಆಯೋಗ ಕೇಳಿತ್ತು.

ಅಪ್ಪ ಕಾಗದವನ್ನು ಹಿರಿಮಗನತ್ತ ತಳ್ಳಿದ್ದ. "ನೀನೇ ಬರಿ. ನನಗೆ ಅವನ ಹೆಸರು ಬರೆಯೋಕೂ ಇಷ್ಟ ಇಲ್ಲ."

ಸೆವೆರಿನ್ ಆಗ ತನ್ನ ಎಂಟು ತಿಂಗಳ ಸೇನಾಸೇವೆ ಮುಗಿಸಿ ಬಂದಿದ್ದ. ಹೆಂಡದಂಗಡಿಗೆ ಕಾಲಿಟ್ಟರೆ, "ನಿನ್ನ ತಮ್ಮನಿಗೆ ಲಂಗ ಹೊಲಿಸಿಯಾಯ್ತಾ?" ಎಂದು ಕೇಳುವವರು. ಅವನು ಎಂಟು ಸಾಲು ಬರೆದ: ನನ್ನ ತಮ್ಮ ಈ ಊರಿಗೆಲ್ಲ ಹಂದಿ ಕೊಯ್ದುಕೊಡುವವನು. ಒಂದು ಚಳಿಗಾಲಕ್ಕೆ ಮೂವತ್ತು ಹಂದಿ. ಕೈ ನಡುಗಿದ್ದನ್ನು ನಾನು ಕಂಡಿಲ್ಲ. ಚಾಕು ಹಿಡಿಯಲು ಒಪ್ಪುವ ಮನಸ್ಸಾಕ್ಷಿ ಬಂದೂಕಿಗೆ ಮಾತ್ರ ಹೇಗೆ ಅಡ್ಡ ಬರುತ್ತದೆಯೋ ತಿಳಿಯೆ. ಇದನ್ನು ದಯವಿಟ್ಟು ಗುಟ್ಟಾಗಿಡಿ.

ತಮ್ಮನಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡಿದ್ದ. ಎಂಟು ತಿಂಗಳು ಬ್ಯಾರಕ್ಕಿನಲ್ಲಿದ್ದರೆ ಸರಿಹೋಗುತ್ತಾನೆ.

ಅರ್ಜಿ ತಿರಸ್ಕಾರವಾಯಿತು. ಬ್ಯಾರಕ್ಕಿಗೆ ಹೋದ ವೆಂಡೆಲಿನ್ ಬಂದೂಕು ಹಿಡಿಯಲಿಲ್ಲ. ನಾಲ್ಕು ತಿಂಗಳು ಜೈಲಾಯಿತು. ಮೂರನೆಯ ತಿಂಗಳಲ್ಲಿ ಅವರ ತಾಯಿ ತೀರಿಕೊಂಡಳು. ಮಣ್ಣಿಗೆ ಅವನನ್ನು ಬಿಡಲಿಲ್ಲ. ಎರಡನೆಯ ಅರ್ಜಿ ಒಪ್ಪಿಗೆಯಾಗಿ ಆಂಬ್ಯುಲೆನ್ಸ್ ಹತ್ತಿದವನು ಎಂಟು ತಿಂಗಳಿಗೆ ಇಳಿಯಲಿಲ್ಲ. ಅಲ್ಲೇ ನೌಕರಿ ಹಿಡಿದು ಮೂವತ್ತೆಂಟು ವರ್ಷ ಅದನ್ನೇ ಓಡಿಸಿದ.

*

"ನೀನು ಯಾಕೆ ಇಷ್ಟೊಂದು ಒದ್ದಾಡ್ತಿದೀಯ ಅಂತ ನಂಗೊತ್ತು," ಎಂದಳು ಬುರ್ಗಿ.

"ಒಡಹುಟ್ಟಿದವನು. ಒದ್ದಾಡದೆ ಏನು?"

ಅವಳು ಮೇಜಿನ ಖಾನೆಯಿಂದ ಹಳದಿಗಟ್ಟಿದ ನಕಲು ಪ್ರತಿಯೊಂದನ್ನು ತೆಗೆದು ಅವನ ಮುಂದಿಟ್ಟಳು. ಅಕ್ಷರ ಅವನದೇ. ಕೆಳಗಿನ ಸಹಿಯೂ ಅವನದೇ.

ಸೆವೆರಿನ್ ಕುರ್ಚಿ ಎಳೆದು ಕೂತ. "ಇದು ಗುಟ್ಟಾಗಿ ಇರ್ಬೇಕಿತ್ತು."

"ಆಯೋಗದಲ್ಲಿ ಗುಟ್ಟು ಅಂತ ಏನೂ ಇರ್ಲಿಲ್ಲ ಮಾರಾಯ. ಮನೆಯವರು ಬರೆದಿದ್ದನ್ನ ಹುಡುಗನ ಎದುರಿಗೇ ಓದೋರು. ಬರೆದೋರ ಹೆಸರು ಸಮೇತ. ಇದಕ್ಕೇನು ಉತ್ತರ ಅಂತ ಕೇಳೋರು. ಆಮೇಲೆ ನಕಲು ಕೈಗೆ ಕೊಡೋರು. ನೀನು ಅದನ್ನೂ ವಿಚಾರಿಸದೆ ಬರೆದೆ."

"ಏನಂದ ಅವನು?"

"ನನ್ನಣ್ಣ ಬರೆದಿರೋದೆಲ್ಲ ನಿಜ ಅಂದ. ಅಷ್ಟೇ."

"ನನಗೆ ಒಂದು ಮಾತು ಹೇಳ್ಲಿಲ್ಲ. ಪ್ರತಿ ಕ್ರಿಸ್‌ಮಸ್‌ಗೆ ನಮ್ಮನೆಗೆ ಬಂದು ಉಣ್ತಿದ್ದ."

"ಉಣ್ತಿದ್ದ. ಇಲ್ಲಿಗೆ ವಾಪಸ್ ಬಂದು ಎರಡು ದಿನ ಮಾತಾಡ್ತಿರ್ಲಿಲ್ಲ." ಬುರ್ಗಿ ಮೇಜಿನ ಖಾನೆ ಮುಚ್ಚಿದಳು. "ಆವತ್ತಿಂದ ಹಂದಿಗೆ ಚಾಕು ಹಾಕ್ಲಿಲ್ಲ ಅವನು. ಅಕ್ಕಪಕ್ಕದೋರು ಕೊಯ್ಯೋ ದಿನ ಹಿತ್ತಲಿಗೆ ಹೋಗಿ ಸೌದೆ ಒಡೀತಿದ್ದ. ಹೆಂಡದಂಗಡೀಲಿ ನೀನೇ ಅಲ್ವಾ ಹೇಳಿದ್ದು, ನನ್ನ ತಮ್ಮನಿಗೆ ಈಗ ಹಂದಿಗಳೂ ನೆಂಟರಾಗಿಬಿಟ್ಟಿವೆ ಅಂತ?"

ಸೆವೆರಿನ್‌ಗೆ ನೆನಪಿತ್ತು. ಎಲ್ಲರೂ ನಕ್ಕಿದ್ದರು.

"ಗುಂಡಿ ಹತ್ರ ಮಾತಾಡ್ತೀನಿ ಅಂದ್ಯಲ್ಲ, ಮಾತಾಡು," ಎಂದಳು ಅವಳು. "ಆದ್ರೆ ಇದನ್ನೇ ಓದ್ಬೇಕು. ಆಗಲ್ಲ ಅಂದ್ರೆ ಬಾವುಟ ಎತ್ಕೊಂಡು ಈಗ್ಲೇ ಮನೆಗೆ ನಡಿ."

*

ಸ್ಮಶಾನದಲ್ಲಿ ಮಾರ್ಚ್ ತಿಂಗಳ ಗಾಳಿ ಬೀಸುತ್ತಿತ್ತು. ಕೂಲಿಯವರು ಪೆಟ್ಟಿಗೆ ಇಳಿಸಿ ಹಗ್ಗ ಸುತ್ತಿಕೊಂಡು ಹೊರಟುಹೋದರು. ಬಾವುಟ ಹಿಡಿದು ನಿಂತಿದ್ದ ಹಾರ್ಟ್ವಿಗ್, ಬೇಡವೆಂದ ಹನ್ನೊಂದು ಜನರಲ್ಲೊಬ್ಬ, ಸೆವೆರಿನ್‌ನ ಕಿವಿಗೆ ಬಗ್ಗಿದ. "ವೀರ, ಧೀರ ಅಂತೆಲ್ಲ ಶುರು ಮಾಡ್ಬೇಡ. ಗಾಡಿ ಚೆನ್ನಾಗಿ ಓಡಿಸ್ತಿದ್ದ ಅಂದು ಮುಗಿಸು. ಸೂಪ್ ಆರೋಗುತ್ತೆ."

ಸೆವೆರಿನ್ ಜೇಬಿಗೆ ಕೈ ಹಾಕಿದ. ಒಂದು ಜೇಬಿನಲ್ಲಿ ಮೂರು ದಿನ ಕೂತು ಬರೆದ ಭಾಷಣವಿತ್ತು, ಇನ್ನೊಂದರಲ್ಲಿ ಆ ಪ್ರತಿ. ಬುರ್ಗಿ ಗುಂಡಿಯ ಆಚೆ ಅಂಚಿನಲ್ಲಿ ನಿಂತು ಅವನ ಕೈಯನ್ನೇ ನೋಡುತ್ತಿದ್ದಳು.

ಅವನು ಎಂಟು ಸಾಲನ್ನೂ ಓದಿದ. ಗುಟ್ಟಾಗಿಡಿ ಎಂದದ್ದನ್ನೂ ಬಿಡಲಿಲ್ಲ. "ಆಯೋಗಕ್ಕೆ ಇದನ್ನ ಬರೆದವನು ನಾನು. ಇವನು ಜೈಲಿಗೆ ಹೋಗಿದ್ದು ಇದರಿಂದ."

ಹಾರ್ಟ್ವಿಗ್ ಬಾಯಿ ತೆರೆದ. "ಇದರಲ್ಲಿ ಸುಳ್ಳೇನಿದೆ? ಕೊಯ್ತಿದ್ದ ತಾನೆ?"

"ಕೊಯ್ತಿದ್ದ. ಅದಕ್ಕೇ ಅವನಿಗೆ ಉತ್ತರ ಕೊಡೋಕೆ ಆಗ್ಲಿಲ್ಲ." ಸೆವೆರಿನ್ ಕಾಗದ ಮಡಿಸಿದ. "ಬಾವುಟ ಬಾಗಿಸ್ಬೇಡ. ಅದು ಇವನಿಗೆ ಬೇಕಾಗಿರ್ಲಿಲ್ಲ. ಬೇಕಾಗಿದ್ದು ನನಗೆ."

"ಬೇಡ್ವಾ? ಊರೆಲ್ಲಾ ಒಪ್ಪಿಸಿ, ನಮ್ಮನ್ನ ಈ ಚಳೀಲಿ ನಿಲ್ಲಿಸಿ, ಈಗ ಬೇಡ್ವಾ? ಸಂಘ ಏನು ನಿಮ್ಮನೆ ಕೋಳಿಗೂಡಾ?"

ಹಾರ್ಟ್ವಿಗ್ ಬಾವುಟ ಸುತ್ತಿದ. ಅವನ ಹಿಂದೆ ಇಬ್ಬರು, ಆಮೇಲೆ ಎಂಟು ಜನ, ಆಮೇಲೆ ಒಪ್ಪಿಗೆ ಕೊಟ್ಟಿದ್ದ ಹದಿನಾಲ್ಕು ಜನರೂ ಗೇಟಿನತ್ತ ನಡೆದರು. ಪಾದ್ರಿ ಬೇಗ ಬೇಗ ಪ್ರಾರ್ಥನೆ ಮುಗಿಸಿದ. ಉಳಿದವರು ಊಟಕ್ಕೆ ಇಳಿದುಹೋದರು.

ಗುಂಡಿ ಮುಚ್ಚುವವನು ಬಂದಾಗ ಸೆವೆರಿನ್ ಅಲ್ಲೇ ಇದ್ದ. ಪದಕಗಳಿದ್ದ ಮೇಲಂಗಿ ಬಿಚ್ಚಿ ಪಕ್ಕದ ಸಮಾಧಿಯ ಶಿಲುಬೆಗೆ ತಗುಲಿಹಾಕಿ, ಆ ಆಳಿನ ಕೈಯಿಂದ ಸಲಿಕೆ ತೆಗೆದುಕೊಂಡ. ಆತ ಏನು ಮಾಡಲೆಂದು ಬುರ್ಗಿಯ ಮುಖ ನೋಡಿದ.

"ಇರ್ಲಿ ಬಿಡು," ಎಂದಳು ಬುರ್ಗಿ. "ಅವನೇ ಹಾಕ್ಲಿ."

ಕಾಯದೆ, ಹಿಂದಿರುಗಿ ನೋಡದೆ ಅವಳು ಇಳಿಜಾರಿನಲ್ಲಿ ನಡೆದುಹೋದಳು. ಹೆಪ್ಪುಗಟ್ಟಿದ ಮಣ್ಣಿನ ಮೊದಲ ಹೆಂಟೆ ಪೆಟ್ಟಿಗೆಯ ಮೇಲೆ ಬಿದ್ದು ಸದ್ದಾಯಿತು. ಆ ಅರ್ಧ ಗಂಟೆಯಲ್ಲಿ ಸೆವೆರಿನ್ ಇಪ್ಪತ್ತೈದು ಜನ ಸ್ನೇಹಿತರನ್ನು ಕಳೆದುಕೊಂಡಿದ್ದ. ಸಿಕ್ಕಿದ್ದು ಒಂದು ಸಲಿಕೆ. ಅದನ್ನು ಅವನ ಕೈಯಿಂದ ಯಾರೂ ಕಿತ್ತುಕೊಳ್ಳಲಿಲ್ಲ.