ಮೇಷ್ಟ್ರನ್ನು ತೋಟದ ಮನೆಗೆ ಎಳೆದೊಯ್ದ ಗಂಗಲಕ್ಷ್ಮಿ

ಗಂಗಲಕ್ಷ್ಮಿ ಯಾರನ್ನೂ ಏನನ್ನೂ ಕೇಳುವುದಿಲ್ಲ. ಹೇಳಬೇಕಾದ್ದನ್ನು ಹೇಳಿ, ಕೊನೆಗೊಂದು ‘ಆಯ್ತಾ ಸಾ?’ ಸೇರಿಸಿ, ಉತ್ತರಕ್ಕೆ ಕಾಯುವ ವ್ಯವಧಾನವಿಲ್ಲದೆ ಹೊರಟುಬಿಡುತ್ತಾರೆ. ಹಾಲ್ಕುರಿಕೆ ಕಡೆಯ ನಮ್ಮೂರಿನ ಅಂಗನವಾಡಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ದುಡಿಯುತ್ತಿರುವ ಈ ಕುಳ್ಳನೆಯ ಹೆಂಗಸಿನ ಹೆಜ್ಜೆ ಚಿಕ್ಕದು, ಬಿರುಸು ಮಾತ್ರ ಎಂಥದ್ದೆಂದರೆ ಜೊತೆಯಲ್ಲಿ ಹೋಗುವವರು ಓಡಲೇಬೇಕು. ಕಂಕುಳಲ್ಲಿ ಸದಾ ಒಂದು ಕಪ್ಪು ಕೊಡೆ. ಅದನ್ನು ಬಿಸಿಲಿಗಾಗಲಿ ಮಳೆಗಾಗಲಿ ಬಿಚ್ಚಿದ್ದನ್ನು ನಾನು ಕಂಡಿಲ್ಲ. ದಾರಿ ತೋರಿಸುವುದಕ್ಕೆ, ನಾಯಿ ಓಡಿಸುವುದಕ್ಕೆ, ನನ್ನಂಥವರನ್ನು ಮುಂದೆ ಅಟ್ಟುವುದಕ್ಕೆ ಮಾತ್ರ ಅದರ ಉಪಯೋಗ.

ನಾನು ಅದೇ ಊರಿನ ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಯ ಮೇಷ್ಟ್ರು. ನನ್ನ ಅಪೇಕ್ಷೆ ಅತ್ಯಲ್ಪ: ಜೂನಿನಲ್ಲಿ ನನ್ನ ಬಳಿಗೆ ಬರುವ ಮಕ್ಕಳಿಗೆ ಆಕೆ ನಾಲ್ಕು ಅಕ್ಷರ ತಿದ್ದಿಸಿ ಕಳಿಸಬೇಕು. ಅದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಮಾಡುತ್ತಾರೆ. ಊಟದ ಡಬ್ಬಿಯ ಮುಚ್ಚಳ ತೆಗೆಯುವುದು, ಚಡ್ಡಿಯ ಗುಂಡಿ ಬಿಚ್ಚುವುದು, ‘ಒಂದಕ್ಕೆ ಹೋಗ್ಬೇಕು’ ಎಂದು ಅಪರಿಚಿತರೆದುರು ಗಟ್ಟಿಯಾಗಿ ಹೇಳುವುದು, ಇವನ್ನು ವೇದಾಧ್ಯಯನದ ಗಾಂಭೀರ್ಯದಿಂದ ಕಲಿಸುತ್ತಾರೆ. ಆಕ್ಷೇಪಿಸಿದರೆ, “ಅಕ್ಸರ ನೀವ್ ಕಲಿಸ್ಕಳ್ಳಿ. ಇನ್ಯಾತಕ್ಕೆ ಸಂಬ್ಳ ಕೊಡ್ತಾರೆ ನಿಮ್ಗೆ?” ಎನ್ನುತ್ತಾರೆ. ಮೈ ಉರಿಯುತ್ತದೆ.

ನಮ್ಮ ಸೀಮೆಯ ತೋಟದ ಮನೆಗಳಲ್ಲಿ ಒಂದು ಪದ್ಧತಿಯುಂಟು. ಮಗು ಉಣ್ಣದಿದ್ದರೆ ಮೇಷ್ಟ್ರು ಬರುತ್ತಾರೆ, ಮಲಗದಿದ್ದರೆ ಮೇಷ್ಟ್ರು ಬರುತ್ತಾರೆ, ಹಟ ಮಾಡಿದರೆ ಕೋಲು ಹಿಡಿದೇ ಬರುತ್ತಾರೆ. ಹೀಗೆ ಐದು ವರ್ಷ ಹೆದರಿಸಿ, ಆರನೆಯ ವರ್ಷ ಅರಚುವ ಮಗುವನ್ನು ಹೆಗಲ ಮೇಲೆ ಹೊತ್ತು ತಂದು ಅದೇ ಮೇಷ್ಟ್ರ ಕೈಗೆ ಒಪ್ಪಿಸಿ ಹೋಗುತ್ತಾರೆ. ನಾನು ಬಾಗಿಲು ಹಾಕಿಕೊಳ್ಳುತ್ತೇನೆ. ಮೂರು ದಿನ ಅತ್ತು ನಾಲ್ಕನೆಯ ದಿನ ಸುಮ್ಮನಾಗುತ್ತವೆ. ಇಪ್ಪತ್ತಾರು ವರ್ಷ ಹೀಗೇ ನಡೆದಿತ್ತು. ಕಳೆದ ವರ್ಷ ಯೋಗಿತಾ ಎಂಬ ಹುಡುಗಿ ಮಾತ್ರ ಸುಮ್ಮನಾಗಲಿಲ್ಲ. ಮೂರನೆಯ ದಿನ ಜ್ವರ ಹಿಡಿದು ಮಲಗಿ, ಮತ್ತೆ ಶಾಲೆಯತ್ತ ಸುಳಿಯದೆ ಅಂಗನವಾಡಿಯಲ್ಲೇ ಉಳಿದಳು. “ಈ ವರ್ಸಾನೂ ಹಂಗೇ ಆದ್ರೆ ಇಸ್ಕೂಲೇ ಬ್ಯಾಡ, ತೋಟದಾಗೇ ಇರ್ಲಿ ಬುಡಿ” ಎಂದು ಅವಳ ತಾತ ಹುಚ್ಚರಂಗಯ್ಯ ತೀರ್ಮಾನ ಹೇಳಿಬಿಟ್ಟಿದ್ದರು.

ಮೇ ತಿಂಗಳ ಒಂದು ಶನಿವಾರ, ರಜೆಯ ಸುಖದಲ್ಲಿದ್ದ ನನ್ನ ಬಾಗಿಲಿಗೆ ಗಂಗಲಕ್ಷ್ಮಿ ಬಂದರು. “ನಾಳೆ ಯೋಗಿತಾ ಮನೇಗ್ ಹೋಗ್ಬೇಕು, ಆಯ್ತಾ ಸಾ?”

ಮರುದಿನ ಸುಡುವ ಬಿಸಿಲಲ್ಲಿ ಎರಡು ಮೈಲಿ ನಡೆಸಿದರು. ಹುಚ್ಚರಂಗಯ್ಯ ನನ್ನನ್ನು ಕಂಡೊಡನೆ ಗೌರವದಿಂದ ಎದ್ದು, ಮೊಮ್ಮಗಳನ್ನು ಕರೆದು, “ಮೇಷ್ಟ್ರು ಬಂದವ್ರೆ, ಕೈ ಮುಗಿಯವ್ವ, ಇಲ್ದಿದ್ರೆ ಹೊಡೀತಾರೆ” ಎಂದರು. ಹುಡುಗಿ ಕಾಯಿ ರಾಶಿಯ ಹಿಂದೆ ಮಾಯವಾದಳು. ಗಂಗಲಕ್ಷ್ಮಿ ಆ ಹಿರಿಯರನ್ನು ತರಾಟೆಗೆ ತೆಗೆದುಕೊಂಡ ಪರಿಯನ್ನು ಇಲ್ಲಿ ಬರೆಯಲಾರೆ. ಆಮೇಲೆ ನನ್ನನ್ನು ಅಂಗಳದಲ್ಲಿ ಕೂರಿಸಿ, ಕೈಗೊಂದು ತೆಂಗಿನ ಗರಿ ಕೊಟ್ಟು, “ಪೀಪಿ ಮಾಡಿ” ಎಂದರು.

“ನನಗೆ ಬರಲ್ಲ ಕಣ್ರೀ.”

“ಗೊತ್ತು. ಅದುಕ್ಕೇ ಮಾಡಿ.”

ಮುಕ್ಕಾಲು ಗಂಟೆ ಸುತ್ತಿದೆ, ಬಿಚ್ಚಿದೆ, ಹರಿದೆ, ಬೆವರಿದೆ. ಐವತ್ತು ದಾಟಿದವನಿಗೆ ಇದೆಂಥ ಶಿಕ್ಷೆಯೆಂದು ಮನಸ್ಸಿನಲ್ಲೇ ಶಪಿಸುತ್ತಿದ್ದಾಗ, ರಾಶಿಯ ಹಿಂದಿನಿಂದ ಇದನ್ನೆಲ್ಲ ನೋಡಿ ನೋಡಿ ತಾಳ್ಮೆಗೆಟ್ಟಿದ್ದ ಯೋಗಿತಾ ಬಂದು ಗರಿಯನ್ನು ನನ್ನ ಕೈಯಿಂದ ಕಿತ್ತುಕೊಂಡಳು. “ಥೂ, ಹಂಗಲ್ಲ!” ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು. ಗಂಗಲಕ್ಷ್ಮಿ ಇನ್ನೂ ನಾಲ್ಕು ಭಾನುವಾರ ನನ್ನನ್ನು ಅಲ್ಲಿಗೆ ಎಳೆದೊಯ್ದರು.

ಶಾಲೆ ತೆರೆದ ದಿನ ಯೋಗಿತಾ ತಾತನ ಬೆರಳು ಹಿಡಿದು ಬಂದಳು. ಗೇಟಿನಲ್ಲಿ ಬೆರಳು ಬಿಟ್ಟು, ಗಂಗಲಕ್ಷ್ಮಿಯನ್ನೂ ದಾಟಿ, ನೇರ ನನ್ನ ಮುಂದೆ ನಿಂತು, “ನಾನೆಲ್ಲಿ ಕೂತ್ಕಬೇಕು?” ಎಂದಳು. ಅತ್ತದ್ದು ಹುಚ್ಚರಂಗಯ್ಯ. “ಮಗೀಗಿಂತ ನಿಮ್ದೇ ಹೆಚ್ಚಾಯ್ತು, ನಡೀರಿ ಮನೇಗೆ” ಎಂದು ಗಂಗಲಕ್ಷ್ಮಿ ಅವರನ್ನು ಗದರಿಸಿ ಹೊರಡಿಸಿದರು.

ಪಕ್ಕದೂರಿನಿಂದ ಬಂದ ಇನ್ನಿಬ್ಬರು ಮಕ್ಕಳು ಎಂದಿನಂತೆ ಅರಚುತ್ತಿದ್ದರು. ನಾನು ಎಂದಿನಂತೆ ಬಾಗಿಲು ಹಾಕಲು ಎದ್ದೆ. ಗಂಗಲಕ್ಷ್ಮಿ ಹೊಸ್ತಿಲಲ್ಲಿ ಅಡ್ಡ ನಿಂತಿದ್ದರು.

“ಮೂರು ದಿನ ಅತ್ತು ಸುಮ್ನಾಗ್ತವೆ, ನನಗೆ ಗೊತ್ತಿಲ್ವೇನ್ರೀ?” ಎಂದು ರೇಗಿದೆ.

“ಸುಮ್ನಾಗಲ್ಲ ಸಾ, ಸೋಲ್ತವೆ” ಎಂದರು.

ಬಾಗಿಲು ತೆರೆದೇ ಇತ್ತು. ಇಂಥವರ ಸಹವಾಸ ಬಹಳ ಕಷ್ಟ. ಇವರು ನಮ್ಮ ರಜೆಯನ್ನು ಕಸಿದುಕೊಳ್ಳುತ್ತಾರೆ, ಮರ್ಯಾದೆಯನ್ನು ಅಂಗಳದಲ್ಲಿ ಕೂರಿಸುತ್ತಾರೆ. ಅದನ್ನೆಲ್ಲ ಹೇಗೋ ಸಹಿಸಿಕೊಳ್ಳಬಹುದು. ಆದರೆ ಚೆನ್ನಾಗಿ ಮಾಡಿದೆನೆಂದು ನಾವು ನಂಬಿಕೊಂಡ ಕೆಲಸವನ್ನು ನೆಮ್ಮದಿಯಿಂದ ನೆನೆಯುವುದಕ್ಕೂ ಬಿಡುವುದಿಲ್ಲ. ಇಪ್ಪತ್ತಾರು ವರ್ಷಗಳ ನಾಲ್ಕನೆಯ ದಿನಗಳು, ಆ ಸದ್ದಿಲ್ಲದ ತರಗತಿಗಳು, ಈಗ ನನ್ನ ಕಿವಿಗೆ ಬೀಳತೊಡಗಿವೆ.