ಕಣ್ಣಿನ ಕಸ ತೆಗೆಯುವವಳು

ದುಂಡಸಿಯಲ್ಲಿ ಯಾರ ಕಣ್ಣಿಗೆ ಕಸ ಬಿದ್ದರೂ ನಮ್ಮ ಮನೆಗೇ ಬರುತ್ತಾರೆ. ನನ್ನ ಅತ್ತೆ ಅನ್ನವ್ವ ಬಾಯಿ ಮುಕ್ಕಳಿಸಿ, ರೆಪ್ಪೆ ಬಿಡಿಸಿ, ನಾಲಿಗೆಯ ತುದಿಯಿಂದ ಕಸ ಎತ್ತಿ ತೋರಿಸುತ್ತಾಳೆ.

ಕಣ್ಣಿನ ಹುಣ್ಣಿನ ಬಗ್ಗೆ ಸಂಶೋಧನೆ ಮಾಡುತ್ತಿರುವ ಸವಣೂರಿನ ಡಾಕ್ಟರ್ ಗುಲ್ನಾರ ಹೋದ ತಿಂಗಳು ಬಂದಿದ್ದಳು. ಊರಿನ ಆರು ಜನರ ಹುಣ್ಣಿನಿಂದ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದ್ದಳು. ಅತ್ತೆಯ ಬಾಯೊಳಗಿಂದಲೂ ಹತ್ತಿಯಲ್ಲಿ ಉಗುಳು ಒರೆಸಿಕೊಂಡು ಹೋಗಿದ್ದಳು.

"ನನ್ನ ಉಗುಳಿನ್ಯಾಗ ಏನ್ ಔಷಧ ಐತಿ ಅಂತ ಹುಡುಕಾಕತ್ತಾರ," ಎಂದು ಅತ್ತೆ ನಳದ ಹತ್ತಿರ ಎಲ್ಲರಿಗೂ ಹೇಳಿದ್ದಳು.

ಇವತ್ತು ಗುಲ್ನಾರ ಮತ್ತೆ ಬಂದಳು. ಚಹಾ ಕೊಟ್ಟು, ಬಲಗಣ್ಣಿನ ಮೇಲೆ ಸೆರಗು ಎಳೆದುಕೊಂಡು ನಾನು ಬಾಗಿಲ ಮರೆಯಲ್ಲಿ ನಿಂತೆ.

"ಅವ್ವಾರ, ಆರರಾಗ ನಾಕು ಮಂದಿ ಕಣ್ಣಾಗ ಸಿಕ್ಕ ರೋಗಾಣು ನಿಮ್ಮ ಬಾಯಾಗೂ ಐತ್ರಿ."

ಅತ್ತೆ ನಕ್ಕಳು. "ಯಾಕ, ನಾ ಏನ್ ಹಲ್ಲ ತಿಕ್ಕೂದಿಲ್ಲೇನ?"

"ಅಂಥಾವು ಎಲ್ಲಾರ ಬಾಯಾಗೂ ಇರ್ತಾವ್ರಿ. ಅಲ್ಲೇ ಇದ್ರ ಏನೂ ಮಾಡೂದಿಲ್ಲ. ಗೋವಿನಜೋಳದ ಗರಿ ಗೀರಿದ ಕಣ್ಣಾಗ ಹೊಕ್ರ ಹುಣ್ಣ ಅಕ್ಕತಿ."

"ಫಕ್ಕೀರಪ್ಪಂದು?"

"ಅವರದೂ ಅದ ರೀ."

ಆ ಆರು ಜನರಲ್ಲಿ ಒಬ್ಬನಾದ ಫಕ್ಕೀರಪ್ಪನ ಕಣ್ಣಿನ ಕಸವನ್ನೂ ಅತ್ತೆಯೇ ತೆಗೆದಿದ್ದಳು; ಅವನಿಗೆ ಎಡಗಣ್ಣು ಈಗ ಕಾಣುವುದಿಲ್ಲ. ಅತ್ತೆ ಬಾಯಿಗೆ ಒಯ್ದ ಚಹಾ ಕೆಳಗಿಟ್ಟಳು.

ನಾನು ಸೆರಗನ್ನು ಇನ್ನಷ್ಟು ಕೆಳಗೆ ಎಳೆದುಕೊಂಡೆ. ಸೋಮವಾರ ತೆನೆ ಮುರಿಯುವಾಗ ನನ್ನ ಕಣ್ಣಿಗೂ ಗರಿ ಬಡಿದಿತ್ತು. ಕಸ ತೆಗೆದವಳು ಅತ್ತೆಯೇ. ಮೂರು ದಿನದಿಂದ ಉರಿದು ಉರಿದು ನೀರು ಸುರಿಯುತ್ತಿದ್ದರೂ ನಾನು ಹೇಳಿರಲಿಲ್ಲ. ಊರೆಲ್ಲ ನಂಬಿದವಳನ್ನು ಮನೆಯ ಸೊಸೆಯೇ ಹಳಿದಂತಾಗುತ್ತದೆ ಎಂದು ಸುಮ್ಮನಿದ್ದೆ.

ಅತ್ತೆ ನನ್ನ ಕಡೆ ತಿರುಗಿದಳು.

"ಮಲ್ಲಿಕಾ, ಸೆರಗ ತಗಿ."

ತೆಗೆದೆ. ಗುಲ್ನಾರ ಬ್ಯಾಟರಿ ಹಿಡಿದು ನೋಡಿದಳು.

"ಬಿಳೇ ಚುಕ್ಕಿ ಎದ್ದೈತಿ. ಈಗಿಂದೀಗ ದವಾಖಾನಿಗೆ ನಡೀರಿ, ನನ್ನ ಗಾಡಿ ಐತಿ."

"ಕಣ್ಣ ಉಳೀತೈತೇನ್ರಿ?" ಎಂದೆ.

"ಈಗ ಹೇಳಾಕ ಬರೂದಿಲ್ಲ ಅಕ್ಕಾ." ಚೀಲದಿಂದ ಒಂದು ಹಾಳೆ ತೆಗೆದಳು. "ಕಸ ಯಾರು ತಗದ್ರು?"

"ಯಾರೂ ಇಲ್ರಿ. ನೀರ ಹೊಡಕೊಂಡೆ, ತಾನ ಹೋತು."

ಯಾಕೆ ಹಾಗೆ ಹೇಳಿದೆನೋ, ನನಗೇ ತಿಳಿಯಲಿಲ್ಲ. ಗುಲ್ನಾರ ಬರೆಯತೊಡಗಿದಳು.

"ಅದನ್ನ ಹೊಡದ ಹಾಕ್ರಿ," ಎಂದಳು ಅತ್ತೆ. "ನಾನ ತಗದೇನಿ. ನನ್ನ ಹೆಸರ ಬರಕೋರಿ."

ಗಾಡಿಯಲ್ಲಿ ನಾನು ಅತ್ತೆಗೆ ನನ್ನ ಪಕ್ಕದ ಜಾಗ ತೋರಿಸಿದೆ. ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡು, ನನ್ನಿಂದ ದೂರ, ಸೀಟಿನ ಆ ತುದಿಯಲ್ಲೇ ಕುಳಿತಳು.